ಅಮ್ಮನ ರೆಡ್ಮಿ ನೋಟ್ 4ಗೆ ಲೀನಿಯೇಜ್ ಓಎಸ್ ಹಾಕಿದ್ದು: ಮೂರು ವಾರದ ದಾಖಲೆ

ಅಕ್ಟೋಬರ್ 11, 2024. ಆಯುಧಪೂಜೆ, ಭದ್ರಾವತಿ

ಅಪ್ಪ ಸ್ಪ್ಯಾನರ್, ಸುತ್ತಿಗೆ, ಕತ್ತಿ, ಸ್ಕೂಟರ್ ಕೀ ಎಲ್ಲಾ ಒರೆಸಿ ಮಣೆ ಮೇಲೆ ಜೋಡಿಸುತ್ತಿದ್ದರು. ಅಮ್ಮ ಅಡುಗೆಮನೆಯಿಂದ ಮಿಕ್ಸಿ ಜಾರ್ ತಂದಿಟ್ಟು, ಪಕ್ಕದಲ್ಲೇ ತನ್ನ ಹಳೇ ಫೋನನ್ನೂ ಇಟ್ಟಳು. 2017ರಲ್ಲಿ ತೆಗೆದುಕೊಂಡ ರೆಡ್ಮಿ ನೋಟ್ 4. 3 ಜಿಬಿ ರ‍್ಯಾಮ್, 32 ಜಿಬಿ ಸ್ಟೋರೇಜ್. ಮಾತಾಡೋಕೆ ಬೇರೆ ಫೋನ್ ಇದೆ. ಇದು ಅಡುಗೆಮನೆ ಫೋನ್. ರೇಡಿಯೋ ಕೇಳೋಕೆ, ಪೇಪರ್ ಓದೋಕೆ.

"ಹತ್ತು ದಿನದಿಂದ ಅರ್ಧ ಸೈಟು ತೆಗೆಯೋದೇ ಇಲ್ಲ ಕಣೋ, ಕೆಂಪು ತ್ರಿಕೋನ ಬರುತ್ತೆ. ಸೆಟ್ ಹೋಯ್ತಾ ನೋಡು" ಅಂದಳು.

ನೋಡಿದೆ. ಕ್ರೋಮ್‌ನಲ್ಲಿ 'ಸಂಪರ್ಕ ಸುರಕ್ಷಿತವಲ್ಲ' ಅನ್ನುವ ಎಚ್ಚರಿಕೆ. ಫೋನಿನ ತಾರೀಕು ಸರಿಯಾಗಿಯೇ ಇತ್ತು. ಕಾರಣ ಸಿಕ್ಕಿದ್ದು ರಾತ್ರಿ. ಈ ಫೋನಿನಲ್ಲಿ ಇರುವುದು ಆಂಡ್ರಾಯ್ಡ್ 7.0. ಸೈಟು ಅಸಲಿ ಅಂತ ಬ್ರೌಸರ್‌ಗೆ ತೋರಿಸುವ ಡಿಜಿಟಲ್ ಪತ್ರಕ್ಕೆ ಸರ್ಟಿಫಿಕೇಟ್ ಅನ್ನುತ್ತಾರೆ. ತುಂಬಾ ಸೈಟುಗಳಿಗೆ ಅದನ್ನು ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಮೂಲ ಕೀ ಆಂಡ್ರಾಯ್ಡ್‌ಗೆ ಸೇರಿದ್ದು 7.1.1ರಿಂದ ಈಚೆಗೆ. ಹಳೇ ಫೋನ್‌ಗಳಿಗೆ ಅಂತ ಇಟ್ಟಿದ್ದ ಅಡ್ಡದಾರಿ ಸೆಪ್ಟೆಂಬರ್ 30ಕ್ಕೆ ಮುಗಿದಿತ್ತು. ಅಮ್ಮ ಹೇಳಿದ ಹತ್ತು ದಿನದ ಲೆಕ್ಕ ಸರಿಯಾಗಿ ಕೂತಿತು.

ಒಂದು ಮಾತು ಇಲ್ಲೇ ಹೇಳಬೇಕು. ಇಷ್ಟೇ ತೊಂದರೆ ಆಗಿದ್ದರೆ ಫೈರ್‌ಫಾಕ್ಸ್ ಹಾಕಿದ್ದರೆ ಸಾಕಿತ್ತು. ಅದು ತನ್ನ ಸರ್ಟಿಫಿಕೇಟುಗಳನ್ನು ತಾನೇ ಇಟ್ಟುಕೊಂಡಿರುತ್ತದೆ. 2024ರಲ್ಲಿ ಅಷ್ಟೇ ಸಮಸ್ಯೆ ಇದ್ದವರಿಗೆ ಅದೇ ಸಾಕಿತ್ತು, ಮುಂದಿನದು ಬೇಕಿರಲಿಲ್ಲ. ಆದರೆ ಈ ಫೋನಿಗೆ ಸೆಕ್ಯುರಿಟಿ ಅಪ್‌ಡೇಟ್ ಬಂದು ವರ್ಷಗಳಾಗಿವೆ. ಕ್ರೋಮ್ ಕೂಡ 119ನೇ ಆವೃತ್ತಿಗೇ ನಿಂತಿದೆ, 120ರಿಂದ ಆಂಡ್ರಾಯ್ಡ್ 8 ಬೇಕು. ಸ್ನ್ಯಾಪ್‌ಡ್ರ್ಯಾಗನ್ 625 ಚಿಪ್ ಗಟ್ಟಿ, ಸ್ಕ್ರೀನ್‌ನಲ್ಲಿ ಒಂದು ಗೆರೆ ಇಲ್ಲ. ಇಂಥದ್ದನ್ನು ಕಸಕ್ಕೆ ಹಾಕೋಕೆ ನನಗೆ ಮನಸ್ಸು ಬರುವುದಿಲ್ಲ. ಹೊಸ ಓಎಸ್, ಅಂದರೆ ಫೋನ್ ನಡೆಸುವ ಮೂಲ ಸಾಫ್ಟ್‌ವೇರ್, ಹಾಕೋಣ ಅಂತ ಆಯಿತು. ಆರಿಸಿದ್ದು ಲೀನಿಯೇಜ್, ಆಂಡ್ರಾಯ್ಡ್ ಆಧರಿಸಿ ಸ್ವಯಂಸೇವಕರು ಮಾಡುವ ಉಚಿತ ಓಎಸ್.

ಅಕ್ಟೋಬರ್ 12. ಫೋನ್ ಯಾವುದು ಅಂತ ಖಾತ್ರಿ, ಅನ್‌ಲಾಕ್‌ಗೆ ಅರ್ಜಿ

ಮೊದಲ ಕೆಲಸ ಫೋನಿನ ಒಳಹೆಸರು ಖಚಿತ ಮಾಡಿಕೊಳ್ಳುವುದು. ರೆಡ್ಮಿ ನೋಟ್ 4 ಅನ್ನುವ ಹೆಸರಲ್ಲಿ ಎರಡು ಬೇರೆ ಬೇರೆ ಫೋನ್ ಇವೆ. ಸ್ನ್ಯಾಪ್‌ಡ್ರ್ಯಾಗನ್ ಇರುವುದು 'ಮಿಡೋ'. ಮೀಡಿಯಾಟೆಕ್ ಚಿಪ್ ಇರುವುದು 'ನಿಕೆಲ್'. ಇಂಡಿಯಾದಲ್ಲಿ ಮಾರಿದ್ದು ಮಿಡೋ. ಆದರೂ ಸೆಟ್ಟಿಂಗ್ಸ್‌ಗೆ ಹೋಗಿ ಪ್ರೊಸೆಸರ್ ಹೆಸರು ನೋಡಿಯೇ ಮುಂದೆ ಹೋದೆ. ಒಂದರ ಫೈಲು ಇನ್ನೊಂದಕ್ಕೆ ಹಾಕಿದರೆ ಫೋನ್ ಏಳದೇ ಹೋಗಬಹುದು.

ಆಮೇಲೆ ಬೂಟ್‌ಲೋಡರ್ ಅನ್‌ಲಾಕ್. ಫೋನ್ ಆನ್ ಆಗುವಾಗ ಓಎಸ್ ಅನ್ನು ಎಬ್ಬಿಸುವ ಪ್ರೋಗ್ರಾಂ ಬೂಟ್‌ಲೋಡರ್. ಅದರ ಬೀಗ ತೆಗೆಯದೆ ಬೇರೆ ಓಎಸ್ ಹಾಕೋಕೆ ಆಗುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಎಂಐಯುಐ (ಫೋನ್ ಜೊತೆ ಬಂದ, ಶಿಯೋಮಿ ಕಂಪನಿ ಮಾಡಿದ ಆಂಡ್ರಾಯ್ಡ್ ರೂಪ) ವರ್ಷನ್ ಮೇಲೆ ಏಳು ಸಲ ಒತ್ತಿ ಡೆವಲಪರ್ ಆಪ್ಷನ್ ತೆಗೆದೆ. ಓಇಎಂ ಅನ್‌ಲಾಕ್ ಆನ್, ಯುಎಸ್‌ಬಿ ಡಿಬಗ್ಗಿಂಗ್ ಆನ್. 'ಮಿ ಅನ್‌ಲಾಕ್ ಸ್ಟೇಟಸ್'ನಲ್ಲಿ ಶಿಯೋಮಿ ಅಕೌಂಟನ್ನು ಫೋನಿಗೆ ಸೇರಿಸಬೇಕು. ವೈಫೈನಲ್ಲಿ ಎರಡು ಸಲ ಮಾಡಿದೆ, ಆಗಲಿಲ್ಲ. ಈ ಕೆಲಸಕ್ಕೆ ಸಿಮ್‌ನ ಡೇಟಾನೇ ಬೇಕು. ನನ್ನ ಸಿಮ್ ಹಾಕಿ, ವೈಫೈ ಆಫ್ ಮಾಡಿದ ಮೇಲೆ ಒಂದೇ ಸಲಕ್ಕೆ ಆಯಿತು.

ತಮ್ಮನ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಅನ್‌ಲಾಕ್ ಟೂಲ್ ಹಾಕಿ ಫೋನ್ ಜೋಡಿಸಿದೆ. ವಾಲ್ಯೂಮ್ ಕಡಿಮೆ ಬಟನ್ನೂ ಪವರ್ ಬಟನ್ನೂ ಒಟ್ಟಿಗೆ ಒತ್ತಿ ಹಿಡಿದರೆ ಫಾಸ್ಟ್‌ಬೂಟ್, ಅಂದರೆ ಕಂಪ್ಯೂಟರಿನಿಂದ ಫೋನಿಗೆ ನೇರ ಆದೇಶ ಕೊಡುವ ಪರದೆ, ಬರುತ್ತದೆ. ಕಿವಿ ಮುಚ್ಚುವ ಚಳಿಗಾಲದ ಟೋಪಿ ಹಾಕಿಕೊಂಡ ಒಂದು ಮೊಲ, ಹಸಿರು ಆಂಡ್ರಾಯ್ಡ್ ಗೊಂಬೆಯನ್ನು ಬಿಚ್ಚಿಕೊಂಡು ರಿಪೇರಿಗೆ ಕೂತಿರುವ ಚಿತ್ರ. ಮುಂದಿನ ಎರಡು ವಾರ ಈ ಮೊಲವನ್ನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಟೂಲ್ 168 ಗಂಟೆ ಬಿಟ್ಟು ಬನ್ನಿ ಅಂತ ಹೇಳಿತು. ಅಂದರೆ ಒಂದು ವಾರ. ಈ ನಡುವೆ ಅಕೌಂಟ್ ಲಾಗ್‌ಔಟ್ ಮಾಡಬಾರದು.

ಅಕ್ಟೋಬರ್ 13. ಬ್ಯಾಕಪ್, ಮತ್ತು ಇಡೀ ಕೆಲಸದ ದೊಡ್ಡ ತಪ್ಪು

ಅನ್‌ಲಾಕ್ ಮಾಡಿದ ಕ್ಷಣ ಫೋನಿನ ಒಳಗಿರುವುದೆಲ್ಲ ಅಳಿಸಿಹೋಗುತ್ತದೆ. ಅದು ಗೊತ್ತಿತ್ತು. ಬೆಂಗಳೂರಿಗೆ ಹೊರಡುವ ಮೊದಲು ಕೇಬಲ್ ಹಾಕಿ ಕಾಪಿ ಮಾಡಿದೆ. ಡಿಸಿಐಎಂ, ಪಿಕ್ಚರ್ಸ್, ಡೌನ್‌ಲೋಡ್, ವಾಟ್ಸಾಪ್ ಈ ನಾಲ್ಕು ಫೋಲ್ಡರ್. ಒಟ್ಟು 11 ಜಿಬಿ.

'ಎಂಐಯುಐ' ಅಂತ ಇನ್ನೊಂದು ಫೋಲ್ಡರ್ ಇತ್ತು. ಹೆಸರು ನೋಡಿ ಅದು ಸಿಸ್ಟಂನದ್ದು ಅಂದುಕೊಂಡೆ. ತೆರೆದೂ ನೋಡಲಿಲ್ಲ. ಫೋನಿನ ರೆಕಾರ್ಡರ್ ಆ್ಯಪ್ ಧ್ವನಿ ಉಳಿಸುವುದು ಅದರೊಳಗಿನ 'ಸೌಂಡ್ ರೆಕಾರ್ಡರ್' ಫೋಲ್ಡರಿನಲ್ಲಿ. 2018ರಲ್ಲಿ ತಂಗಿ ಮದುವೆ ಹೊತ್ತಿಗೆ ಅಜ್ಜಿ ಹಾಡಿದ್ದ ಸೋಬಾನೆ ಹಾಡುಗಳು ಅಲ್ಲಿದ್ದವು, ನಾಲ್ಕು ಫೈಲ್. ಅಜ್ಜಿ ಈಗ ಇಲ್ಲ. ಈ ತಪ್ಪು ನನಗೆ ಗೊತ್ತಾಗಿದ್ದು ಅಕ್ಟೋಬರ್ 31ಕ್ಕೆ. ಅದನ್ನು ಆ ತಾರೀಕಿನಲ್ಲೇ ಬರೆಯುತ್ತೇನೆ. ಆದರೆ ಬ್ಯಾಕಪ್ ಭಾಗ ಮಾತ್ರ ಓದಿ ಕೆಲಸಕ್ಕೆ ಇಳಿಯುವವರು ಇದ್ದಾರೆ ಅಂತ ಇಲ್ಲೂ ಹಾಕಿದ್ದೇನೆ. ಫೋಲ್ಡರ್ ಆರಿಸಬೇಡಿ. ಇಂಟರ್ನಲ್ ಸ್ಟೋರೇಜ್ ಪೂರ್ತಿ ಎತ್ತಿಕೊಳ್ಳಿ. ಫೋನ್ ಯಾರದ್ದೋ ಅವರನ್ನು ಕೂರಿಸಿಕೊಂಡು, ಇದರಲ್ಲಿ ಏನೇನು ಇತ್ತು ಅಂತ ಒಂದು ಸಲ ಕೇಳಿ.

ಅಕ್ಟೋಬರ್ 19. ಅನ್‌ಲಾಕ್, ಬೆಂಗಳೂರು

ತಮ್ಮನ ಲ್ಯಾಪ್‌ಟಾಪ್ ಊರಲ್ಲೇ ಉಳಿಯಿತು. ನನ್ನದು ಎಎಂಡಿ ಪ್ರೊಸೆಸರಿನದ್ದು, ಯುಎಸ್‌ಬಿ 3 ಪೋರ್ಟ್ ಮಾತ್ರ ಇದೆ. ಫೋನ್ ಜೋಡಿಸಿದರೆ ಫಾಸ್ಟ್‌ಬೂಟ್ 'ವೇಟಿಂಗ್ ಫಾರ್ ಎನಿ ಡಿವೈಸ್' ಅಂತ ಕೂತೇಬಿಟ್ಟಿತು. ಡ್ರೈವರ್ ತೆಗೆದು ಮತ್ತೆ ಹಾಕಿದೆ. ಕೇಬಲ್ ಬದಲಿಸಿದೆ. ಮನೆಯಲ್ಲಿದ್ದ ಮೂರು ಮೈಕ್ರೋ ಯುಎಸ್‌ಬಿ ಕೇಬಲ್‌ನಲ್ಲಿ ಎರಡು ಬರೀ ಚಾರ್ಜಿಂಗ್‌ದು, ಡೇಟಾ ತಂತಿನೇ ಇಲ್ಲ. ಮೂರನೆಯದರಲ್ಲಿ ಫೋನ್ ಕಾಣಿಸಿತು, ಆದರೆ ಅರ್ಧ ನಿಮಿಷಕ್ಕೆ ಸಂಪರ್ಕ ತಪ್ಪಿತು. ಹೀಗೇ ಮೂರು ಗಂಟೆ ಹೋಯಿತು.

ಕೊನೆಗೆ ಕೆಲಸ ಮಾಡಿದ್ದು 220 ರೂಪಾಯಿಯ ಯುಎಸ್‌ಬಿ 2 ಹಬ್. ಲ್ಯಾಪ್‌ಟಾಪ್‌ಗೂ ಫೋನಿಗೂ ನಡುವೆ ಅದನ್ನು ಇಟ್ಟೆ. ಆಮೇಲೆ ಒಂದು ಸಲವೂ ತಪ್ಪಲಿಲ್ಲ. ಹಳೇ ಫೋನಿನ ಫಾಸ್ಟ್‌ಬೂಟ್‌ಗೂ ಹೊಸ ಯುಎಸ್‌ಬಿ 3 ಪೋರ್ಟ್‌ಗೂ ಆಗಿಬರುವುದು ಕಡಿಮೆ. ಮೊದಲೇ ಹಬ್ ತಂದಿದ್ದರೆ ಆ ಸಂಜೆ ಉಳಿಯುತ್ತಿತ್ತು.

ಅನ್‌ಲಾಕ್ ಆಗೋಕೆ ಒಂದು ನಿಮಿಷವೂ ಬೇಕಾಗಲಿಲ್ಲ. ಫೋನ್ ಮತ್ತೆ ಆನ್ ಆಗುವಾಗ ಲೋಗೋ ಕೆಳಗೆ ಸಣ್ಣದಾಗಿ 'ಅನ್‌ಲಾಕ್ಡ್' ಅಂತ ಬಂತು.

ಅಕ್ಟೋಬರ್ 20, ಬೆಳಿಗ್ಗೆ. ರಿಕವರಿ

ಹೊಸ ಓಎಸ್ ಕೂರಿಸೋಕೆ ಮೊದಲು ಬೇರೆ ರಿಕವರಿ ಬೇಕು. ರಿಕವರಿ ಅಂದರೆ ಓಎಸ್ ಏಳದೆಯೂ ಓಡುವ, ಓಎಸ್ ಅಳಿಸಿ ಹಾಕೋಕೆ ಬಳಸುವ ಸಣ್ಣ ಪ್ರೋಗ್ರಾಂ. ನಾನು ಬಳಸಿದ್ದು ಟಿಡಬ್ಲ್ಯುಆರ್‌ಪಿ. ಮೊಲದ ಪರದೆಗೆ ಹೋಗಿ 'ಫಾಸ್ಟ್‌ಬೂಟ್ ಫ್ಲ್ಯಾಶ್ ರಿಕವರಿ' ಅಂತ ಕೊಟ್ಟು ಮುಂದೆ ಇಮೇಜ್ ಫೈಲಿನ ಹೆಸರು ಹಾಕಿದೆ. 'ಓಕೆ' ಬಂತು. 'ಫಾಸ್ಟ್‌ಬೂಟ್ ರೀಬೂಟ್' ಕೊಟ್ಟೆ.

ಇದು ತಪ್ಪು. ಫೋನ್ ಹಳೇ ಎಂಐಯುಐಗೆ ಎದ್ದಿತು. ಏಳುವಾಗಲೇ ನಾನು ಹಾಕಿದ ರಿಕವರಿ ತೆಗೆದು ತನ್ನದನ್ನು ಮತ್ತೆ ಕೂರಿಸಿಕೊಂಡಿತು. ವಾಲ್ಯೂಮ್ ಹೆಚ್ಚು ಮತ್ತು ಪವರ್ ಒತ್ತಿದರೆ ಬರುವುದು ಹಳೇ ರಿಕವರಿನೇ. ನಾನು ಇಮೇಜ್ ಸರಿಯಿಲ್ಲ ಅಂದುಕೊಂಡು ಮತ್ತೆ ಡೌನ್‌ಲೋಡ್ ಮಾಡಿ, ಮತ್ತೆ ಹಾಕಿ, ಮತ್ತೆ ರೀಬೂಟ್ ಮಾಡಿದೆ. ಎರಡನೇ ಸಲವೂ ಅದೇ ಆಯಿತು.

ಮೂರನೇ ಸಲ ಫ್ಲ್ಯಾಶ್ ಆದ ಮೇಲೆ ರೀಬೂಟ್ ಕೊಡಲಿಲ್ಲ. 'ಫಾಸ್ಟ್‌ಬೂಟ್ ಬೂಟ್' ಅಂತ ಕೊಟ್ಟು ಅದೇ ಇಮೇಜಿನ ಹೆಸರು ಹಾಕಿದೆ. ಫೋನ್ ನೇರವಾಗಿ ಟಿಡಬ್ಲ್ಯುಆರ್‌ಪಿ ಒಳಗೆ ಎದ್ದಿತು. ಬದಲಾವಣೆಗೆ ಅನುಮತಿ ಕೇಳಿದಾಗ ಸ್ವೈಪ್ ಮಾಡಿದೆ. ಹಳೇ ಓಎಸ್ ಏಳುವುದಕ್ಕೆ ಅವಕಾಶ ಕೊಡದೆ ಮೊದಲು ಇಲ್ಲಿಗೆ ಬರಬೇಕು, ಅಷ್ಟೇ ಗುಟ್ಟು.

ಏನನ್ನೂ ಅಳಿಸುವ ಮೊದಲು ಇಎಫ್‌ಎಸ್, ಮೋಡೆಮ್, ಪರ್ಸಿಸ್ಟ್ ಈ ಮೂರರ (ನೆಟ್‌ವರ್ಕ್, ಸೆನ್ಸರ್‌ಗಳ ಮಾಹಿತಿ ಇರುವ ಭಾಗಗಳು) ಬ್ಯಾಕಪ್ ತೆಗೆದು ಮೆಮೊರಿ ಕಾರ್ಡಿಗೆ ಹಾಕಿದೆ. ಫೋನಿನ ಗುರುತಿನ ಸಂಖ್ಯೆ ಐಎಂಇಐ ಹೋದರೆ ಫೋನಿಗೆ ನೆಟ್‌ವರ್ಕೇ ಸಿಗುವುದಿಲ್ಲ, ಅಲ್ವಾ? ಈ ಬ್ಯಾಕಪ್ ಲ್ಯಾಪ್‌ಟಾಪಿನಲ್ಲಿ ಒಂದು, ಪೆನ್‌ಡ್ರೈವ್‌ನಲ್ಲಿ ಒಂದು ಇಟ್ಟಿದ್ದೇನೆ.

ಅಕ್ಟೋಬರ್ 20, ರಾತ್ರಿ. ಎರರ್ 7

ಟಿಡಬ್ಲ್ಯುಆರ್‌ಪಿ ಪಾಸ್‌ವರ್ಡ್ ಕೇಳಿತು. ಒಳಗಿನ ಸ್ಟೋರೇಜ್ ಎನ್‌ಕ್ರಿಪ್ಟ್ ಆಗಿರುವುದರಿಂದ, ಅಂದರೆ ಕೀ ಇಲ್ಲದೆ ಓದಲಾಗದಂತೆ ಗುಟ್ಟಾಗಿ ಬರೆದಿರುವುದರಿಂದ ಹಾಗೆ. ಕ್ಯಾನ್ಸಲ್ ಒತ್ತಿ, ವೈಪ್, ಫಾರ್ಮ್ಯಾಟ್ ಡೇಟಾ, 'ಯೆಸ್' ಅಂತ ಟೈಪ್ ಮಾಡಿದೆ. ಬರೀ ವೈಪ್ ಮಾಡಿದರೆ ಎನ್‌ಕ್ರಿಪ್ಷನ್ ಹೋಗುವುದಿಲ್ಲ, ಫಾರ್ಮ್ಯಾಟೇ ಮಾಡಬೇಕು.

ಮೆಮೊರಿ ಕಾರ್ಡಿನಲ್ಲಿ ಮಿಡೋಗೆ ಅಂತ ಕಟ್ಟಿದ ಲೀನಿಯೇಜ್ 20ರ ಜಿಪ್ ಫೈಲು ಇಟ್ಟಿದ್ದೆ. ಅಂದರೆ ಆಂಡ್ರಾಯ್ಡ್ 13. ಡೌನ್‌ಲೋಡ್ ಪುಟದಲ್ಲಿದ್ದ ಶಾ256 ಸಂಖ್ಯೆಯನ್ನೂ (ಫೈಲು ಕೆಟ್ಟಿಲ್ಲ ಅಂತ ಪರೀಕ್ಷಿಸುವ ಸಂಖ್ಯೆ) ಫೈಲಿನದ್ದನ್ನೂ ಹೋಲಿಸಿ ನೋಡಿದ್ದೆ, ಸರಿ ಇತ್ತು. ಇನ್‌ಸ್ಟಾಲ್ ಒತ್ತಿದೆ. ಕೆಂಪಕ್ಷರದಲ್ಲಿ 'ಎರರ್: 7'.

ಹುಡುಕಿದರೆ ಎಲ್ಲೆಡೆ ಒಂದೇ ಸಲಹೆ. ಜಿಪ್ ಬಿಚ್ಚಿ, ಅಪ್‌ಡೇಟರ್ ಸ್ಕ್ರಿಪ್ಟ್‌ನಲ್ಲಿ 'ಅಸರ್ಟ್' ಅಂತ ಶುರುವಾಗುವ ಸಾಲು ಅಳಿಸಿ, ಮತ್ತೆ ಜಿಪ್ ಮಾಡಿ ಹಾಕಿ ಅಂತ. ನಾನು ಮಾಡಲಿಲ್ಲ, ಯಾರೂ ಮಾಡಬಾರದು ಅಂತಲೇ ಹೇಳುತ್ತೇನೆ. ಆ ಸಾಲು ಇರುವುದೇ ಬೇರೆ ಫೋನಿನ ಫೈಲು ಇದಕ್ಕೆ ಕೂರದಂತೆ ತಡೆಯೋಕೆ. ಕಾವಲುಗಾರನನ್ನು ಓಡಿಸಿದರೆ ಬಾಗಿಲ ಆಚೆ ಯಾರಿದ್ದಾರೆ ಅನ್ನುವುದು ಗೊತ್ತಾಗುವುದಿಲ್ಲ.

ಮೇಲಿನ ಸಾಲುಗಳನ್ನು ನಿಧಾನವಾಗಿ ಓದಿದೆ. ಪ್ಯಾಕೇಜ್ ಮಿಡೋಗೆ ಅಂತ ಸರಿಯಾಗಿಯೇ ಇತ್ತು. ತಪ್ಪು ಇದ್ದದ್ದು ರಿಕವರಿಯಲ್ಲಿ. ಎಲ್ಲೋ ಒಂದು ಹಳೇ ಲೇಖನ ನೋಡಿ ಟಿಡಬ್ಲ್ಯುಆರ್‌ಪಿ 3.2 ಇಳಿಸಿಕೊಂಡಿದ್ದೆ. 2018ರ ರಿಕವರಿಗೆ ಆಂಡ್ರಾಯ್ಡ್ 13ರ ಪ್ಯಾಕೇಜ್ ಹಿಡಿಸುವುದಿಲ್ಲ. 3.7 ತಂದು, ಟಿಡಬ್ಲ್ಯುಆರ್‌ಪಿ ಒಳಗಿಂದಲೇ ಇಮೇಜ್ ಇನ್‌ಸ್ಟಾಲ್ ಮಾಡಿ, ರಿಕವರಿಗೆ ರೀಬೂಟ್ ಮಾಡಿದೆ. ಮತ್ತೆ ಜಿಪ್ ಹಾಕಿದೆ. ನಾಲ್ಕು ನಿಮಿಷ. ಎರರ್ ಇಲ್ಲ.

ರಾತ್ರಿ 11:40ಕ್ಕೆ ರೀಬೂಟ್ ಸಿಸ್ಟಂ ಒತ್ತಿದೆ. ಬಾಗಿದ ಗೆರೆಯ ಮೇಲೆ ಒಂದು ಉಂಗುರ ಓಡಾಡುವ ಲೀನಿಯೇಜ್ ಚಿತ್ರ ಬಂತು. ಮೊದಲ ಸಲ ತಡವಾಗುತ್ತದೆ. ಏಳು ನಿಮಿಷ ಆ ಉಂಗುರ ನೋಡುತ್ತಾ ಕೂತಿದ್ದೆ. ಪವರ್ ಬಟನ್ ಒತ್ತಿಬಿಡೋಣ ಅಂತ ಐದನೇ ನಿಮಿಷಕ್ಕೆ ಅನ್ನಿಸಿತು, ಒತ್ತಲಿಲ್ಲ. ಭಾಷೆ ಆರಿಸುವ ಪರದೆ ಬಂತು. ಕೆಳಗೆ ಜಾರಿಸಿ 'ಕನ್ನಡ' ಒತ್ತಿದೆ.

ಅಕ್ಟೋಬರ್ 21, 22. ಗೂಗಲ್ ಆ್ಯಪ್‌ಗಳು

ಖುಷಿಯಲ್ಲಿ ಗೂಗಲ್ ಆ್ಯಪ್‌ಗಳ ಜಿಪ್ ಹಾಕೋದು ಮರೆತೇಬಿಟ್ಟಿದ್ದೆ. ಲೀನಿಯೇಜ್ ಜೊತೆ ಪ್ಲೇ ಸ್ಟೋರ್ ಬರುವುದಿಲ್ಲ. ಬೇಕಾದರೆ ಓಎಸ್ ಹಾಕಿದ ಬೆನ್ನಿಗೇ, ಮೊದಲ ಸಲ ಆನ್ ಮಾಡುವ ಮುಂಚೆ ಹಾಕಬೇಕು. ನಾನು ಮಾರನೇ ದಿನ ಹಾಕಿದೆ. ಆಮೇಲೆ ಪ್ಲೇ ಸರ್ವಿಸಸ್ ನಿಂತುಹೋಗಿದೆ ಅನ್ನುವ ಸಂದೇಶ ಹತ್ತು ಸೆಕೆಂಡಿಗೊಮ್ಮೆ ಬರತೊಡಗಿತು. ಫೋನ್ ಬಳಸೋಕೇ ಆಗಲಿಲ್ಲ. ಕ್ಯಾಶೆ ಅಳಿಸಿ, ಅನುಮತಿ ಕೊಟ್ಟು ನೋಡಿದೆ. ಪ್ರಯೋಜನ ಆಗಲಿಲ್ಲ.

22ರ ಸಂಜೆ ಮತ್ತೆ ಫಾರ್ಮ್ಯಾಟ್, ಮತ್ತೆ ಲೀನಿಯೇಜ್. ಈ ಸಲ ಯೋಚಿಸಿದೆ, ಅಮ್ಮನಿಗೆ ಈ ಫೋನಿನಲ್ಲಿ ಗೂಗಲ್ ಯಾಕೆ ಬೇಕು? ಓದೋದು, ಕೇಳೋದು, ಬರೆಯೋದು. ಯುಪಿಐ ಎಲ್ಲಾ ಅವಳ ಇನ್ನೊಂದು ಫೋನಿನಲ್ಲಿದೆ. ಬೂಟ್‌ಲೋಡರ್ ಅನ್‌ಲಾಕ್ ಆದ ಫೋನಿನಲ್ಲಿ ಬ್ಯಾಂಕ್ ಆ್ಯಪ್‌ಗಳು ತೆರೆಯದೇ ಇರುವುದು ಸಾಮಾನ್ಯ, ಅದಕ್ಕಾಗಿ ಒದ್ದಾಡೋದೂ ಬೇಡ. ಗೂಗಲ್ ಪೂರ್ತಿ ಬಿಟ್ಟೆ. ಪ್ಲೇ ಸ್ಟೋರ್ ಬದಲು, ಮುಕ್ತ ತಂತ್ರಾಂಶದ ಆ್ಯಪ್‌ಗಳು ಸಿಗುವ ಎಫ್-ಡ್ರಾಯ್ಡ್ ಹಾಕಿದೆ.

ಹಾಕಿದ ಆ್ಯಪ್‌ಗಳು ನಾಲ್ಕೇ. ಓದೋಕೆ ಫೈರ್‌ಫಾಕ್ಸ್‌ನ ಒಂದು ರೂಪ, ಫೆನೆಕ್. ಹಾಡಿಗೆ ವಿಎಲ್‌ಸಿ. ಕನ್ನಡ ಟೈಪ್ ಮಾಡೋಕೆ ಇಂಡಿಕ್ ಕೀಬೋರ್ಡ್. ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಬಳಗದವರು ಮಾಡಿದ್ದು, ಕನ್ನಡಕ್ಕೆ ಹಲವು ಬಗೆಯ ಕೀಲಿಮಣೆ ಇದೆ. ಅಮ್ಮನಿಗೆ ಇಂಗ್ಲಿಷ್ ಅಕ್ಷರದಲ್ಲಿ ಹೊಡೆದು ಕನ್ನಡ ತರುವ ಅಭ್ಯಾಸ, ಅದಕ್ಕೆ ಲಿಪ್ಯಂತರದ್ದು ಆನ್ ಮಾಡಿಟ್ಟೆ. ಕೊನೆಯದು ಕಿವಿಕ್ಸ್. ಕನ್ನಡ ವಿಕಿಪೀಡಿಯ ಪೂರ್ತಿ ಇಳಿಸಿ ಮೆಮೊರಿ ಕಾರ್ಡಿಗೆ ಹಾಕಿದ್ದೇನೆ, ನೆಟ್ ಇಲ್ಲದಿದ್ದರೂ ಓದಬಹುದು. ಇದು ನನ್ನ ಆಸೆ, ಅಮ್ಮ ಕೇಳಿದ್ದಲ್ಲ.

ಸಿಮ್ ಹಾಕಿ ನೋಡಿದಾಗ 4ಜಿ ಡೇಟಾ ಬಂತು, ಕರೆ ಹೋಗಲಿಲ್ಲ. 4ಜಿ ಮಾತ್ರ ಇರುವ ಸಿಮ್‌ನಲ್ಲಿ ವೋಲ್ಟಿ (4ಜಿ ಮೇಲೆಯೇ ಕರೆ ಸಾಗಿಸುವ ವ್ಯವಸ್ಥೆ) ಇಲ್ಲದೆ ಮಾತಿಲ್ಲ. ಡಯಲ್‌ನಲ್ಲಿ *#*#4636#*#* ಹೊಡೆದರೆ ಫೋನಿನ ಮಾಹಿತಿ ಬರುತ್ತದೆ, ಅಲ್ಲಿ ಐಎಂಎಸ್ (ವೋಲ್ಟಿ ಕರೆ ನಡೆಸುವ ಸೇವೆ) 'ನೋಂದಣಿ ಆಗಿಲ್ಲ' ಅಂತ ಇತ್ತು. ಸಿಮ್ ಸೆಟ್ಟಿಂಗ್‌ನಲ್ಲಿ ವೋಲ್ಟಿ ಆಫ್ ಮಾಡಿ, ಫೋನ್ ರೀಸ್ಟಾರ್ಟ್ ಮಾಡಿ, ಮತ್ತೆ ಆನ್ ಮಾಡಿದೆ. ನೋಂದಣಿ ಆಯಿತು. ಇನ್ನೊಂದು ವಿಷಯ, ಈ ಫೋನಿನ ಎರಡನೇ ಸಿಮ್ ಜಾಗವೂ ಮೆಮೊರಿ ಕಾರ್ಡಿನ ಜಾಗವೂ ಒಂದೇ. ಎರಡರಲ್ಲಿ ಒಂದನ್ನೇ ಹಾಕಬಹುದು.

ಅಕ್ಟೋಬರ್ 26. ಬ್ಯಾಟರಿ

ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಸುಮ್ನೆ ಇಟ್ಟರೂ ಎಂಐಯುಐನಲ್ಲಿ 31% ಇಳಿಯುತ್ತಿತ್ತು. ಲೀನಿಯೇಜ್ ಹಾಕಿದ ಮೇಲೆ 19%. ಆದರೂ ಜಾಸ್ತಿನೇ. ಬೆಂಗಳೂರಿನ ಎಸ್.ಪಿ. ರೋಡಿನ ಒಂದು ಅಂಗಡಿಯಲ್ಲಿ 750 ರೂಪಾಯಿಗೆ ಬೇರೆ ಬ್ಯಾಟರಿ ಹಾಕಿಸಿದೆ. ನಾನೇ ಬಿಚ್ಚಬಹುದಿತ್ತು. ಆದರೆ ಬೆರಳಚ್ಚು ಸೆನ್ಸರ್ ಇರುವುದು ಹಿಂದಿನ ಮುಚ್ಚಳದಲ್ಲಿ. ಅದರ ಪಟ್ಟಿ ಬೋರ್ಡಿಗೆ ಸೇರಿರುತ್ತದೆ, ಮುಚ್ಚಳ ಜೋರಾಗಿ ಎಳೆದರೆ ಹರಿಯುತ್ತದೆ. ಅಂಗಡಿಯ ಹುಡುಗ ಮುಚ್ಚಳವನ್ನು ಎರಡು ಬೆರಳಿನಷ್ಟು ಮಾತ್ರ ಎತ್ತಿ, ಸಂದಿಯಲ್ಲಿ ಪ್ಲಾಸ್ಟಿಕ್ ಕಡ್ಡಿ ತೂರಿಸಿ ಆ ಕನೆಕ್ಟರನ್ನು ಮೊದಲು ಬಿಡಿಸಿದ. ನೋಡಿ ಕಲಿತೆ. ಅಂದು ರಾತ್ರಿ ಇಳಿದದ್ದು 5%.

ಅಕ್ಟೋಬರ್ 31. ದೀಪಾವಳಿ, ಭದ್ರಾವತಿ

ಫೋನ್ ಅಮ್ಮನ ಕೈಗೆ ಕೊಟ್ಟೆ. ಇಯರ್‌ಫೋನ್ ಸಿಕ್ಕಿಸಿ ಎಫ್‌ಎಂ ಹಾಕಿದಳು, ಭದ್ರಾವತಿ ಆಕಾಶವಾಣಿ ಬಂತು. ಅವಳು ದಿನಾ ಓದುವ ಸೈಟುಗಳೆಲ್ಲ ತೆರೆದವು. ಅಕ್ಷರ ದೊಡ್ಡದು ಮಾಡಿಕೊಟ್ಟೆ. "ಹಗುರಾಗಿದೆ" ಅಂದಳು. ಫೋನ್ ತೂಕ ಅಷ್ಟೇ ಇದೆ, ಅವಳು ಹೇಳಿದ್ದು ಒಂದು ಒತ್ತಿದರೆ ತಟ್ಟಂತ ತೆರೆಯುವುದನ್ನು. ಆನ್ ಆಗೋಕೆ ಮೊದಲು 1 ನಿಮಿಷ 12 ಸೆಕೆಂಡ್ ಬೇಕಿತ್ತು, ಈಗ 49 ಸೆಕೆಂಡ್.

ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು, "ಅಮ್ಮನ ಹಾಡು ಎಲ್ಲೋ?"

ಅವಳ ಅಮ್ಮ, ನನ್ನ ಅಜ್ಜಿ. ನನಗೆ ತಕ್ಷಣ ಆ ಫೋಲ್ಡರ್ ನೆನಪಾಯಿತು. ಲ್ಯಾಪ್‌ಟಾಪ್ ತೆಗೆದು 11 ಜಿಬಿಯನ್ನೂ ಹುಡುಕಿದೆ. ಇರಲಿಲ್ಲ. ಅಮ್ಮನಿಗೆ ಹೇಳಿದೆ. ಅವಳು ಬೈಯಲಿಲ್ಲ. ದೀಪಕ್ಕೆ ಎಣ್ಣೆ ಹಾಕೋಕೆ ಎದ್ದು ಹೋದಳು.

ನವೆಂಬರ್ 1

ವಾಪಸ್ ತರೋಕೆ ಮಾಡಿದ್ದನ್ನು ಬರೆಯುತ್ತೇನೆ, ಬೇರೆಯವರ ಸಮಯ ಉಳಿಯಲಿ. ಟಿಡಬ್ಲ್ಯುಆರ್‌ಪಿಗೆ ಹೋಗಿ ಡೇಟಾ ಪಾರ್ಟಿಷನ್ ಪೂರ್ತಿ ಇಮೇಜಾಗಿ ಲ್ಯಾಪ್‌ಟಾಪಿಗೆ ಎಳೆದೆ, ಸುಮಾರು 25 ಜಿಬಿ. ಅದರ ಮೇಲೆ ಅಳಿಸಿದ ಫೈಲು ಹುಡುಕುವ ಫೋಟೋರೆಕ್ ಅನ್ನುವ ಪ್ರೋಗ್ರಾಂ ಮೂರು ಗಂಟೆ ಓಡಿಸಿದೆ. ಸಿಕ್ಕಿದ್ದೆಲ್ಲ ಹೊಸ ಓಎಸ್‌ನ ಫೈಲುಗಳು. ಹಳೇ ಡೇಟಾ ಎನ್‌ಕ್ರಿಪ್ಟ್ ಆಗಿತ್ತು, ಅದರ ಕೀ ಫಾರ್ಮ್ಯಾಟ್ ಜೊತೆ ಹೋಗಿದೆ. ತುಣುಕು ಉಳಿದಿದ್ದರೂ ಅದು ಹಾಡಾಗಿ ತೆರೆಯುವುದಿಲ್ಲ.

ಮಧ್ಯಾಹ್ನ ಅಮ್ಮ ತರೀಕೆರೆಯ ಚಿಕ್ಕಮ್ಮನಿಗೆ ಫೋನ್ ಮಾಡಿದಳು. ಒಂದು ಹಾಡನ್ನು ಆಗಲೇ ವಾಟ್ಸಾಪಿನಲ್ಲಿ ಕಳಿಸಿದ್ದು ಅವಳಿಗೆ ನೆನಪಿತ್ತು. ಚಿಕ್ಕಮ್ಮ ಹುಡುಕಿ ಕಳಿಸಿದರು. 3 ನಿಮಿಷ 20 ಸೆಕೆಂಡ್, ಹೆಣ್ಣು ಒಪ್ಪಿಸುವ ಹಾಡು. ಹಿಂದೆ ಪಾತ್ರೆ ಸದ್ದು ಇದೆ, ನಡುವೆ ತಂಗಿ ನಗುವುದು ಕೇಳಿಸುತ್ತದೆ. ಉಳಿದ ಮೂರು ಇಲ್ಲ.

ಒಟ್ಟು ಖರ್ಚು: ಹಬ್ 220, ಡೇಟಾ ಕೇಬಲ್ 150, 32 ಜಿಬಿ ಮೆಮೊರಿ ಕಾರ್ಡ್ 380, ಬ್ಯಾಟರಿ 750. 1,500 ರೂಪಾಯಿ.

ಇನ್ನೂ ಸರಿಯಾಗದ್ದು ಎರಡು. ಆನ್ ಮಾಡಿದ ತಕ್ಷಣ ಬೆರಳಚ್ಚು ಕೆಲವೊಮ್ಮೆ ಹಿಡಿಯುವುದಿಲ್ಲ, ಒಂದು ಸಲ ಪಿನ್ ಹಾಕಿದ ಮೇಲೆ ಸರಿಹೋಗುತ್ತದೆ. ರಾತ್ರಿ ಹೊತ್ತು ಕ್ಯಾಮೆರಾ ಮೊದಲಿಗಿಂತ ಮಂಕು.

ಚಿಕ್ಕಮ್ಮನಿಗೆ ಆ ಮೂರರಲ್ಲಿ ಎರಡು ಹಾಡಿನ ಸಾಲು ಪೂರ್ತಿ ಬರುತ್ತವಂತೆ. ನವೆಂಬರ್ 10, ಭಾನುವಾರ, ಅಮ್ಮನನ್ನು ಕರೆದುಕೊಂಡು ತರೀಕೆರೆಗೆ ಹೋಗುತ್ತಿದ್ದೇನೆ. ಇದೇ ಫೋನ್ ಒಯ್ಯುತ್ತೇವೆ. ಲೀನಿಯೇಜ್‌ನ ರೆಕಾರ್ಡರ್ ಫೈಲುಗಳನ್ನು 'ರೆಕಾರ್ಡಿಂಗ್ಸ್' ಫೋಲ್ಡರಿನಲ್ಲಿ ಇಡುತ್ತದೆ. ನಿನ್ನೆ ರಾತ್ರಿ ಅಮ್ಮನಿಂದ ಒಂದು ಸಾಲು ಹಾಡಿಸಿ, ಅದು ಅಲ್ಲೇ ಬಂದಿದೆಯಾ ಅಂತ ನೋಡಿಕೊಂಡಿದ್ದೇನೆ.